ಅಗಿದ ಮುದ್ದೆ

ಮುದ್ದೆಯನ್ನು ಅಗಿದು ತಿನ್ನುವವನನ್ನು ಅಶ್ವಥ್ ಹುಟ್ಟಿದಾಗಿನಿಂದ ಒಬ್ಬನನ್ನೂ ಕಂಡಿರಲಿಲ್ಲ. ಬಿಡದಿ ಪಕ್ಕದ ಅವನ ಊರಿನಲ್ಲಿ ಮಕ್ಕಳಿಗೆ ಹಲ್ಲು ಗಟ್ಟಿಯಾಗುವ ಮೊದಲೇ ನುಂಗುವುದು ಬಂದುಬಿಡುತ್ತಿತ್ತು. ತುತ್ತು ಮುರಿ, ಸಾರಿನಲ್ಲಿ ಅದ್ದು, ಗಂಟಲಿಗೆ ಬಿಡು. ಅಷ್ಟೇ ಪಾಠ. ಅಗಿದರೆ ಹಲ್ಲಿಗೆ ಮೆತ್ತಿಕೊಳ್ಳುತ್ತದೆ, ಪಕ್ಕದಲ್ಲಿ ಕೂತವರು ಪ್ಯಾಟೆಯವನು ಬಂದ ಎಂದು ನಗುತ್ತಾರೆ. ಆ ವಿದ್ಯೆಯಲ್ಲಿ ಅಶ್ವಥನನ್ನು ಮೀರಿಸುವವರು ಸುತ್ತಮುತ್ತ ಇರಲಿಲ್ಲ. ಒಂದು ನಾಟಿಕೋಳಿ ಊಟದಲ್ಲಿ ಏಳು ಮುದ್ದೆ ನುಂಗಿ, ಎಂಟನೆಯದಕ್ಕೆ ಎಲೆಯ ಮೇಲೆ ಜಾಗ ಮಾಡಿಕೊಂಡು ಕಾಯುತ್ತಿದ್ದನಂತೆ. ಅಂದಿನಿಂದ ಅವನು ಏಳ್ಮುದ್ದೆ ಅಶ್ವಥ.

ಅದು ನೇಗಿಲು ಹಿಡಿಯುತ್ತಿದ್ದ ಕಾಲ. ಆಮೇಲೆ ಹೊಲಗಳ ಮೇಲೆ ಕಾರ್ಖಾನೆಗಳು ಎದ್ದವು. ಅಶ್ವಥ್ ತನ್ನ ಹೊಲವೇ ಇದ್ದ ಜಾಗದ ಗೇಟಿನಲ್ಲಿ ನೀಲಿ ಅಂಗಿ ತೊಟ್ಟು ಕುರ್ಚಿಯ ಮೇಲೆ ಕೂತ. ಲಾರಿ ಬಂದರೆ ನಂಬರು ಬರೆಯುವುದು, ಅಡ್ಡಗಂಬಿ ಎತ್ತುವುದು, ಮತ್ತೆ ಕೂರುವುದು. ಹೊಲ ಹೋಯಿತೆಂದು ಊರಿಗೆಲ್ಲ ಗೊತ್ತಾಯಿತು, ಅವನ ಹೊಟ್ಟೆಗೆ ಮಾತ್ರ ಯಾರೂ ಹೇಳಲಿಲ್ಲ. ಅದು ಉಳುವವನ ಊಟವನ್ನೇ ಕೇಳುತ್ತಿತ್ತು, ಅವನು ಹಾಕುತ್ತಲೇ ಇದ್ದ. ಆರು ವರ್ಷದಲ್ಲಿ ತೂಕ ನೂರೈವತ್ತು ಕಿಲೋ ದಾಟಿತು. ಸಕ್ಕರೆ ಕಾಯಿಲೆ ಬಂತು, ಮಂಡಿ ಹೋಯಿತು, ಮಲಗಿದರೆ ಉಸಿರು ಕಟ್ಟತೊಡಗಿತು. ಕೊನೆಗೆ ೨೦೦೯ರ ದಸರಾ ಕಳೆದ ವಾರ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಅವನ ಜಠರದ ಮುಕ್ಕಾಲು ಭಾಗವನ್ನು ಕತ್ತರಿಸಿ ತೆಗೆದರು. ಉಳಿದದ್ದು ಬಾಳೆಕಾಯಿಯಷ್ಟು ಚೀಲ.

ಊರಿನಲ್ಲಿ ಹರ್ನಿಯಾ ಆಪರೇಷನ್ ಎಂದು ಹೇಳಿಕೊಂಡರು. ತಂಗಿ ಧನುಶ್ರೀಗೆ ಆಗಷ್ಟೇ ಸೋಲೂರಿನ ಸಂಬಂಧ ಕುದುರಿತ್ತು. ಅಣ್ಣ ಸಣ್ಣಗಾಗಲು ಹೊಟ್ಟೆ ಕೊಯ್ಸಿಕೊಂಡ ಎಂದರೆ ಯಾರಾದರೂ ನಗುತ್ತಾರೆ, ಇಲ್ಲವೇ ಮನೆತನದಲ್ಲೇ ಏನೋ ಕಾಯಿಲೆ ಇದೆ ಎನ್ನುತ್ತಾರೆ. ಅಪ್ಪ ಇಲ್ಲದ ಮನೆ. ಮಾತು ಕೊಟ್ಟವನು ಅಶ್ವಥ್, ಆ ಮಾತನ್ನು ಉಳಿಸಬೇಕಾದವನೂ ಅವನೇ.

ಮೊದಲ ಮೂರು ವಾರ ಗಂಜಿ ತಿಳಿ, ಬೇಳೆಕಟ್ಟು, ಮಜ್ಜಿಗೆ, ಅದೂ ಗುಟುಕು ಗುಟುಕಾಗಿ. ನಾಲ್ಕನೇ ವಾರಕ್ಕೆ ಮೆತ್ತಗಿನ ಆಹಾರ ಶುರು ಮಾಡಬಹುದೆಂದು ಆಸ್ಪತ್ರೆಯ ಚೀಟಿಯಲ್ಲಿತ್ತು. ಅವನ ಅವ್ವ ಅಂಬುಜಮ್ಮ ಚೀಟಿಯಲ್ಲಿದ್ದ ನಂಬರಿಗೆ ಫೋನು ಮಾಡಿಸಿದಳು. ಆ ಕಡೆ ಊಟದ ಪಟ್ಟಿ ಬರೆದುಕೊಟ್ಟಿದ್ದ ಹುಡುಗಿ.

"ಮುದ್ದೆ ಕೊಡ್ಬೋದೇನವ್ವಾ?"

"ಮೆತ್ತಗಿರುತ್ತಾ ಅಮ್ಮ?"

"ಬೆಣ್ಣೆ ಇದ್ದಂಗಿರ್ತದೆ ಕಣವ್ವ."

"ಹಾಗಾದ್ರೆ ಸ್ವಲ್ಪ ಕೊಡಿ. ಆದ್ರೆ ಒಂದೊಂದು ತುತ್ತೂ ಮೂವತ್ತು ಸಲ ಅಗೀಬೇಕು."

ಅಂಬುಜಮ್ಮ ಫೋನಿಟ್ಟು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. "ಯಾವ ಸೀಮೆ ಹುಡ್ಗೀನೋ ಪಾಪ. ಮುದ್ದೆ ಅಗೀಬೇಕಂತೆ!"

ಅಶ್ವಥನೂ ನಕ್ಕ. ಮೂರು ವಾರದ ಮೇಲೆ ಕಂಡ ಮುದ್ದೆ. ಬಿಸಿ ಬಿಸಿ ತುತ್ತು ಮುರಿದು ಸೊಪ್ಪಿನ ಸಾರಿಗೆ ಅದ್ದಿ ಬಾಯಿಗಿಟ್ಟ. ಗಂಟಲು ಹಳೇ ನೆಂಟನನ್ನು ಕಂಡಂತೆ ತಾನೇ ಬಾಗಿಲು ತೆರೆಯಿತು. ತುತ್ತು ಇಳಿಯಿತು, ಎದೆಯ ನಡುವೆ ನಿಂತಿತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಗುಂಡುಕಲ್ಲು ಸಿಕ್ಕಿಕೊಂಡಂತೆ. ಬಾಯಲ್ಲಿ ನೀರು ಸುರಿಯಿತು, ಬೆನ್ನು ಬೆವರಿತು. ಎರಡು ಗಂಟೆ ಹಿತ್ತಿಲ ಕಲ್ಲಿನ ಮೇಲೆ ಮುಂದಕ್ಕೆ ಬಗ್ಗಿ ಕೂತಿದ್ದು ಕಡೆಗೆ ಕಕ್ಕಿದ. ಇನ್ನೊಮ್ಮೆ ಹೀಗಾದರೆ ಮತ್ತೆ ಆಸ್ಪತ್ರೆಗೇ ಬರಬೇಕಾಗುತ್ತದೆ ಎಂದು ಆ ಹುಡುಗಿ ಫೋನಿನಲ್ಲಿ ಬೈದಳು.

ಅಂಬುಜಮ್ಮ ಅವತ್ತು ಅನ್ನ ಮುಟ್ಟಲಿಲ್ಲ. ಮರುದಿನ ಬೆಳಿಗ್ಗೆ ರೇಷ್ಮೆ ಹುಳದ ಮನೆಯಲ್ಲಿ ಕೂತು ಮರಿಹುಳಗಳಿಗೆ ಹಿಪ್ಪುನೇರಳೆ ಸೊಪ್ಪನ್ನು ಸಣ್ಣಗೆ ಹೆಚ್ಚುತ್ತಿದ್ದವಳು ಕತ್ತಿ ನಿಲ್ಲಿಸಿ ಮಗನನ್ನು ಕೂಗಿದಳು.

"ಬಾರ್ಲಾ ಇಲ್ಲಿ. ಈ ಚಾಕಿ ಹುಳಕ್ಕೆ ಇಡೀ ಎಲೆ ಹಾಕಿದ್ರೆ ಏನಾಯ್ತದೆ?"

"ತಿನ್ನಕ್ಕಾಗ್ದೆ ಸೊರಗ್ತವೆ."

"ಅದ್ಕೇ ನಾನು ಹೆಚ್ಚಿ ಹೆಚ್ಚಿ ದಿನಕ್ಕೆ ನಾಕು ಸಲ ಒಸಿ ಒಸಿ ಉದುರುಸ್ತೀನಿ. ನಿನ್ನ ಹೊಟ್ಟೆ ಈಗ ಚಾಕಿ ಕಣ್ಲಾ ಮಗ. ಕತ್ತಿ ನಿನ್ನ ಬಾಯೊಳಗೇ ಐತೆ. ಹೆಚ್ಚು."

"ನನ್ನ ಹುಳಕ್ಕೆ ಹೋಲುಸ್ತಿದ್ಯಲ್ಲವ್ವಾ!" ಅಶ್ವಥ್ ಸೊಪ್ಪಿನ ಬುಟ್ಟಿ ಒದ್ದು ಹೊರಟುಹೋದ. ಸಿಟ್ಟು ಅವನಿಗೆ ಯಾವಾಗಲೂ ಹೊಟ್ಟೆಯಿಂದಲೇ ಏಳುತ್ತಿತ್ತು. ಹೊಟ್ಟೆ ಸಣ್ಣದಾದ ಮೇಲೆ ಅದಕ್ಕೂ ಜಾಗ ಸಾಲದೆ ಬೇಗ ಹೊರಗೆ ಚೆಲ್ಲುತ್ತಿತ್ತು. ಆದರೆ ಮಧ್ಯಾಹ್ನ ಅವನೇ ಬಂದು ಗೋಡೆಗೆ ಮುಖ ಮಾಡಿ ಕೂತು ನೆಲ್ಲಿಕಾಯಿ ಗಾತ್ರದ ಮುದ್ದೆಯನ್ನು ಅಗಿದ. ಒಂದು, ಎರಡು, ಮೂರು. ಹನ್ನೆರಡಕ್ಕೆ ಗಂಟಲು ತಾನೇ ಎಳೆದುಕೊಳ್ಳಲು ನೋಡಿತು. ನಾಲಿಗೆಯಿಂದ ತಡೆದ. ಇಪ್ಪತ್ತರ ಮೇಲೆ ರಾಗಿಯಲ್ಲಿ ಒಂದು ಸಿಹಿ ಬಿಟ್ಟುಕೊಂಡಿತು. ಮೂವತ್ತೊಂದು ವರ್ಷ ತಿಂದ ಮುದ್ದೆಗೆ ಹೀಗೊಂದು ರುಚಿಯಿದೆ ಎಂದು ಅವನಿಗೆ ಗೊತ್ತೇ ಇರಲಿಲ್ಲ. ಯಾರಿಗೂ ಹೇಳಲಿಲ್ಲ.

ಎರಡು ತಿಂಗಳಿಗೆ ಇಪ್ಪತ್ತೈದು ಕಿಲೋ ಇಳಿದ. ಮದುವೆ ಓಡಾಟದಲ್ಲಿ ಸೊರಗಿದ್ದಾನೆ ಎಂದರು ಜನ. ಕೆಂಗಲ್ ದೇವಸ್ಥಾನದಲ್ಲಿ ಧಾರೆಯಾಯಿತು. ಅಲ್ಲಿ ಊಟ ಹಾಕಿಸುವವರು ಹೆಣ್ಣಿನ ಕಡೆಯವರಾದ್ದರಿಂದ ಅಶ್ವಥ್ ಸಾರಿನ ಬಕೆಟ್ ಹಿಡಿದು ಓಡಾಡಿ ತಪ್ಪಿಸಿಕೊಂಡ. ಆದರೆ ಮುಂದಿನ ಭಾನುವಾರ ಸೋಲೂರಿನಲ್ಲಿ ಗಂಡಿನವರ ಬೀಗರೂಟ. ಅಲ್ಲಿ ಬಕೆಟ್ ಅವರದು, ಎಲೆ ಇವನದು.

ಶುಕ್ರವಾರ ಧನುಶ್ರೀ ಫೋನು ಮಾಡಿದಳು. ದನಿ ತಗ್ಗಿಸಿದ್ದಳು.

"ಅಣ್ಣ, ಮಾವಾರು ಯಾರ ಬಾಯಲ್ಲೋ ಕೇಳವ್ರೆ. ಏಳ್ಮುದ್ದೆ ಅಶ್ವಥಂಗೆ ಎಂಟ್ನೇದು ನಾನೇ ಬಡುಸ್ತೀನಿ ಅಂತ ಊರಿಗೆಲ್ಲಾ ಹೇಳ್ಕಂಡು ತಿರುಗ್ತಾವ್ರೆ. ಹೋದ್ಸಲ ಯಾರೋ ನೆಂಟ್ರು ಎಲೇಲಿ ಬುಟ್ಟು ಎದ್ರಂತೆ, ಅವರ ಮನೆ ಹೊಸ್ಲ ಮಾವಾರು ಇವತ್ತಿಗೂ ತುಳ್ದಿಲ್ವಂತೆ."

"ನಿಜ ಹೇಳ್ಬುಡ್ಲಾ?"

"ಬ್ಯಾಡ! ಮುಚ್ಚಿಟ್ಟು ಮದ್ವೆ ಮಾಡುದ್ರು ಅಂತಾರೆ. ನಾನಿಲ್ಲಿ ಬಂದು ವಾರ ಆಗಿಲ್ಲ."

ಅಶ್ವಥ್ ತೀರ್ಮಾನ ಮಾಡಿದ. ಒಂದೇ ಒಂದು ಮುದ್ದೆ, ಹಳೇ ಥರ, ನುಂಗಿಬಿಡುವುದು. ಆಮೇಲೆ ಕೊಟ್ಟಿಗೆ ಹಿಂದಕ್ಕೆ ಹೋಗಿ ಕಕ್ಕುವುದು. ಆದದ್ದಾಗಲಿ, ತಂಗಿಯ ಬಾಳು ದೊಡ್ಡದು. ಅವ್ವನಿಗೆ ಹೇಳಲಿಲ್ಲ.

ಭಾನುವಾರ ಸೋಲೂರಿನ ತೆಂಗಿನ ತೋಟದಲ್ಲಿ ಶಾಮಿಯಾನ. ಧನುಶ್ರೀಯ ಮಾವ ಕೃಷ್ಣಪ್ಪ, ಗಿರಿಜಾ ಮೀಸೆಯ ಎತ್ತರದ ಆಳು. ಅಶ್ವಥನನ್ನು ಕೈಹಿಡಿದು ಕರೆದೊಯ್ದು ಮೊದಲ ಪಂಕ್ತಿಯ ನಡುವೆ ಕೂರಿಸಿದರು. ಪಕ್ಕದಲ್ಲಿ ಅವರ ತಾಯಿ ಮಾರಕ್ಕ, ಬಾಯಲ್ಲಿ ಒಂದೂ ಹಲ್ಲಿಲ್ಲದ ಮುದುಕಿ. ಎದುರು ಸಾಲಿನಲ್ಲಿ ಅಂಬುಜಮ್ಮ. ಕೃಷ್ಣಪ್ಪ ತಾವೇ ಮುದ್ದೆ ತಂದು ಎಲೆಗೆ ಇಳಿಸಿದರು. ತೆಂಗಿನಕಾಯಿ ಗಾತ್ರ.

"ಬೀಗ್ರೆ, ಇದು ಒಂದ್ನೇದು. ಎಣಿಸ್ಕಳಿ."

ಸಾಲೆಲ್ಲ ಹೋ ಎಂದಿತು. ಮಟನ್ ಸಾರು ಬಿತ್ತು. ಅಶ್ವಥ್ ತುತ್ತು ಮುರಿದ, ಅದ್ದಿದ. ತಲೆಯೆತ್ತಿದರೆ ಎದುರಿಗೆ ಅವ್ವನ ಕೈ ಎಲೆಯ ಮೇಲೆ ನಿಂತೇ ಇತ್ತು. ಇವನು ನುಂಗಲು ಹೊರಟಿದ್ದಾನೆಂದು ಅವಳಿಗೆ ಗೊತ್ತಾಗಿಬಿಟ್ಟಿತ್ತು. ತುತ್ತು ಬಾಯಿಗೆ ಹೋಯಿತು, ಗಂಟಲು ತೆರೆಯಿತು. ಎದೆಯ ನಡುವಿನ ಆ ಕಲ್ಲು ನೆನಪಾಯಿತೋ, ಅವ್ವನ ಹೆಚ್ಚುಗತ್ತಿ ನೆನಪಾಯಿತೋ, ನಾಲಿಗೆ ಅಡ್ಡ ಬಂತು. ದವಡೆ ಆಡಿತು. ಒಂದು, ಎರಡು, ಮೂರು.

"ಅಯ್ಯಯ್ಯೋ ನೋಡ್ರಪ್ಪಾ!" ಮಾರಕ್ಕ ಕೂಗಿದಳು. "ಬೀಗ ಮುದ್ದೆ ಅಗೀತಾವ್ನೆ!"

ಪಂಕ್ತಿ ಬಿದ್ದು ಬಿದ್ದು ನಕ್ಕಿತು. "ಏಳ್ಮುದ್ದೆ ಅಂದ್ರೆ ಏಳು ದಿನಕ್ಕೊಂದು ಮುದ್ದೆ ಕಣ್ರೋ!" ಎಂದ ಒಬ್ಬ. "ಬಬ್ಬಲ್ ಗಮ್ ಅನ್ಕಂಡವ್ನೆ" ಎಂದ ಇನ್ನೊಬ್ಬ. ಕೃಷ್ಣಪ್ಪ ಮಾತ್ರ ನಗಲಿಲ್ಲ. ಮುದ್ದೆ ಅಗಿಯುವುದಕ್ಕೆ ಅವರಿಗೆ ಗೊತ್ತಿದ್ದ ಕಾರಣ ಒಂದೇ.

"ಏನ್ ಬೀಗ್ರೆ, ನಮ್ಮ ಮನೆ ಹಿಟ್ನಲ್ಲಿ ಕಲ್ಲು ಸಿಕ್ತಾ?"

ನಗು ನಿಂತಿತು. ಅಡುಗೆ ಚಪ್ಪರದ ಬಾಗಿಲಲ್ಲಿ ಧನುಶ್ರೀ ಬಕೆಟ್ ಹಿಡಿದವಳು ಹಿಡಿದಂತೆಯೇ ನಿಂತಳು. ಅಶ್ವಥನಿಗೆ ಕಿವಿಯವರೆಗೆ ಸಿಟ್ಟೇರಿತು. ನಕ್ಕವರ ಮೇಲೆ, ಮೀಸೆಯ ಮೇಲೆ, ಆಸ್ಪತ್ರೆಯ ಮೇಲೆ, ಗೇಟಿನ ಕುರ್ಚಿಯ ಮೇಲೆ. ಎಲೆ ಎತ್ತಿ ಬಿಸಾಡಿ ಎದ್ದುಬಿಡಬೇಕು, ನಾಲ್ಕು ಮಾತು ಬಯ್ಯಬೇಕು. ಆದರೆ ಬಾಯಿ ತುಂಬಾ ಮುದ್ದೆ. ಹದಿಮೂರು. ಉಗುಳುವಂತಿಲ್ಲ, ಅದು ಅನ್ನಕ್ಕೆ ಅವಮಾನ. ನುಂಗುವಂತಿಲ್ಲ. ಹದಿನೆಂಟು. ಊರೆಲ್ಲ ಅವನ ಬಾಯನ್ನೇ ನೋಡುತ್ತಿತ್ತು. ಇಪ್ಪತ್ತೆರಡು. ರಾಗಿಯ ಸಿಹಿ ಬಿಟ್ಟುಕೊಂಡಿತು. ಮೂವತ್ತಾಗುವ ಹೊತ್ತಿಗೆ ಬಯ್ಯಬೇಕೆಂದಿದ್ದ ಮಾತೂ ಮುದ್ದೆಯ ಜೊತೆಗೆ ನುರಿದುಹೋಗಿತ್ತು.

"ಕಲ್ಲಿಲ್ಲ ಮಾವ," ಅಂದ ಮೆಲ್ಲಗೆ. "ನಂಗೆ ಹೊಟ್ಟೇನೇ ಇಲ್ಲ. ಕೊಯ್ದು ತೆಗ್ದವ್ರೆ, ಮುಕ್ಕಾಲು ಭಾಗ. ಸಕ್ಕರೆ ಕಾಯ್ಲೆ, ತೂಕ, ಬದುಕಂಗಿರ್ಲಿಲ್ಲ. ಹರ್ನಿಯಾ ಅಂದಿದ್ದು ಸುಳ್ಳು. ಸುಳ್ಳು ನಂದು, ಧನುಶ್ರೀದಲ್ಲ. ನಾನಿನ್ನು ಅಗುದೇ ತಿನ್ಬೇಕು, ಸಾಯೋಗಂಟ."

ಕೃಷ್ಣಪ್ಪ ಮುದ್ದೆಯ ತಟ್ಟೆ ಹಿಡಿದೇ ನಿಂತಿದ್ದರು.

"ಮೊದ್ಲೇ ಯಾಕೆ ಹೇಳ್ಲಿಲ್ಲ?"

"ನಗ್ತೀರಿ ಅಂತ."

ಸಾಲಿನಲ್ಲಿ ಇಬ್ಬರು ಮೂವರು ತಲೆ ತಗ್ಗಿಸಿ ಮೂಳೆ ಹೀರತೊಡಗಿದರು. ಮಾರಕ್ಕನೇ ಅವನ ಎಲೆಯ ಕಡೆಗೆ ಬಗ್ಗಿ ಕೇಳಿದಳು.

"ಈಗ ಎಷ್ಟು ಸೇರ್ತದ್ಲಾ ಮಗ?"

"ನೆಲ್ಲಿಕಾಯಿ ಗಾತ್ರದ್ದು ನಾಕು ತುತ್ತು ಅಜ್ಜಿ. ಅರ್ಧ ಗಂಟೆ ಬೇಕು."

"ನಂಗೆ ಹಲ್ಲಿಲ್ಲ, ಅದ್ಕೆ ನುಂಗ್ತೀನಿ. ನಿಂಗೈತಲ್ಲ, ಅಗಿ ಅತ್ಲಾಗೆ. ಯಾರಪ್ಪನ ಗಂಟು?" ಎಂದು ಅವನ ಮುದ್ದೆಯಲ್ಲಿ ಇನ್ನು ಮೂರು ಚೂರು ಬಿಟ್ಟು ಉಳಿದದ್ದನ್ನು ತನ್ನ ಎಲೆಗೆ ಎಳೆದುಕೊಂಡಳು.

ಉಳಿದವರದು ಬೇಗ ಮುಗಿಯಿತು. ಎರಡನೇ ಪಂಕ್ತಿಯವರು ಬೆನ್ನ ಹಿಂದೆ ಬಂದು ನಿಂತು ಕೆಮ್ಮತೊಡಗಿದರು. ಅಂಚಿನಲ್ಲಿದ್ದವನೊಬ್ಬ ಎಲೆ ಮಡಚಲು ಕೈ ಹಾಕಿದ. ಒಬ್ಬನಾದರೂ ಉಣ್ಣುತ್ತಿರುವಾಗ ಆ ಕಡೆ ಪಂಕ್ತಿ ಏಳುವುದಿಲ್ಲ. ಆದರೂ ಅರ್ಧ ಗಂಟೆ ಯಾರು ಕಾದಾರು?

"ಕೂತ್ಕಳ್ರೋ," ಎಂದರು ಕೃಷ್ಣಪ್ಪ. "ಬೀಗ್ರಿನ್ನೂ ಉಣ್ತಾವ್ರೆ." ಆಮೇಲೆ ಅಶ್ವಥನ ಕಡೆ ನೋಡದೆಯೇ ಅಂದರು, "ಮುಚ್ಚಿಟ್ಟಿದ್ದು ತಪ್ಪೇಯ. ಅದನ್ನ ಆಮೇಲೆ ಮಾತಾಡಣ."

ಐವತ್ತು ಜನ ಎಂಜಲು ಕೈ ಒಣಗಿಸಿಕೊಂಡು ಕೂತರು. ಧನುಶ್ರೀ ಬಕೆಟ್ ತಂದು ಅಣ್ಣನ ಎದುರು ಕುಕ್ಕರುಗಾಲಿನಲ್ಲಿ ಕೂತಳು. ಒಂದು ಮಟನ್ ಕೈಮಾ ಉಂಡೆ ಎತ್ತಿ, ಅತ್ತೆಮನೆಯ ಅಷ್ಟೂ ಜನರ ಮುಂದೆ, ಬೆರಳಲ್ಲಿ ಸಣ್ಣಗೆ ಪುಡಿ ಮಾಡಿ ಅವನ ಎಲೆಗೆ ಉದುರಿಸಿದಳು. ಎದುರು ಸಾಲಿನಲ್ಲಿ ಅಂಬುಜಮ್ಮ ಮೊದಲ ತುತ್ತು ಬಾಯಿಗಿಟ್ಟಳು.

ಅಶ್ವಥ್ ಅಗಿದ. ಮಾರಕ್ಕ ಪಕ್ಕದಲ್ಲಿ ಎಣಿಸುತ್ತಾ ಕೂತಳು, ಇಪ್ಪತ್ತಾದ ಮೇಲೆ ಲೆಕ್ಕ ತಪ್ಪಿ ಮತ್ತೆ ಒಂದರಿಂದ ಹಿಡಿದಳು. ನಾಲ್ಕನೇ ತುತ್ತು ಇಳಿಯಿತು, ಎಲ್ಲೂ ನಿಲ್ಲಲಿಲ್ಲ. ಅವನು ಎಲೆ ಮಡಚಿದ. ಕೃಷ್ಣಪ್ಪ ನೀರಿನ ಚೊಂಬು ಚಾಚಿದರು.

"ನೀರು ಈಗ್ಲೇ ಕುಡಿಯಂಗಿಲ್ಲ ಮಾವ. ಅರ್ಧ ಗಂಟೆ ಬುಟ್ಟು."

"ಅದ್ಕೂ ಪಂಕ್ತಿ ಕಾಯ್ಬೇಕೇನ್ಲಾ?" ಎಂದರು ಕೃಷ್ಣಪ್ಪ. 'ಬೀಗ್ರೆ' ಹೋಗಿ ಮನೆಮಕ್ಕಳಿಗೆ ಅನ್ನುವ 'ಲಾ' ಬಂದದ್ದು ಧನುಶ್ರೀಗೆ ಮೊದಲು ಕೇಳಿಸಿತು. ಅವಳು ನಕ್ಕಳು. ಆಮೇಲೆ ಸಾಲೆಲ್ಲ ನಗುತ್ತಾ ಎದ್ದಿತು.