ಏಳು ಸೂಪರ್‌ವೈಸರ್‌ಗಳ ಮೇಷ್ಟ್ರು

ಕಾಗದದ ಕಾರ್ಖಾನೆಯ ಪಂಪ್‌ಮನೆಯಲ್ಲಿ ಮೊಣಕಾಲುದ್ದ ನೀರು. ಫಿಟ್ಟರ್ ಅದರಲ್ಲಿ ನಿಂತು, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಪಂಪಿಗೂ ಹಿಡಿಯನ್ನು ಕಿವಿಗೂ ಒತ್ತಿಕೊಂಡಿದ್ದ. ಒಳಗೆ ಕರಕರ ಸದ್ದು. ಹಿಂದೆ, ಒಣಗಿದ ಮೆಟ್ಟಿಲ ಮೇಲೆ, ಬೂಟು ನೆನೆಯದ ಹಾಗೆ ಸೂಪರ್‌ವೈಸರ್ ನಿಂತಿದ್ದರು.

"ನೀವು ಹೇಳಿದ್ದೇ ಸರಿ ಸಾರ್. ಬೇರಿಂಗ್ ಹೋಗಿದೆ."

ಸೂಪರ್‌ವೈಸರ್ ಏನೂ ಹೇಳಿರಲಿಲ್ಲ. ಆದರೂ ತಲೆಯಾಡಿಸಿ, ರಿಪೇರಿ ಪುಸ್ತಕದಲ್ಲಿ ಬರೆದು, ಕೆಳಗೆ ತಮ್ಮ ಸಹಿ ಹಾಕಿದರು.

ದೊಡ್ಡವರ ಬಾಯಿಗೆ ತನ್ನ ಮಾತು ಹಾಕುವ ಈ ವಿದ್ಯೆ ಫಿಟ್ಟರಿಗೆ ಇಪ್ಪತ್ತಾರು ವರ್ಷದಲ್ಲಿ ಕರಗತವಾಗಿತ್ತು. ಹೀಗೆ ಏಳು ಸೂಪರ್‌ವೈಸರ್‌ಗಳನ್ನು ತಯಾರು ಮಾಡಿದ್ದ. "ಶಿಷ್ಯರೆಲ್ಲ ಪಾಸು, ಮೇಷ್ಟ್ರೊಬ್ಬ ಡುಮ್ಕಿ" ಅಂತ ಟೀ ಅಂಗಡಿಯಲ್ಲಿ ಎಲ್ಲರನ್ನೂ ನಗಿಸುತ್ತಿದ್ದ.

ಮಗಳಿಗೂ ಅಪ್ಪನದೇ ಕಿವಿ. "ಅಪ್ಪ, ಕಾಲೇಜು ಬಿಡ್ತೀನಿ. ಅಲ್ಲಿ ಮೋಟಾರನ್ನ ಬೋರ್ಡ್ ಮೇಲೆ ಬರೀತಾರೆ, ಬಿಚ್ಚೋದೇ ಇಲ್ಲ. ಕೆಲಸ ನಿನ್ನ ಹತ್ರಾನೇ ಕಲೀತೀನಿ" ಅಂದಿದ್ದಳು.

"ಅಯ್ಯೋ ಹುಚ್ಚೀ, ಕೆಲಸ ಮಾಡೋಕೆ ಡಿಗ್ರಿ ಯಾಕೆ? ಮಾಡಿದ ಕೆಲಸ ನಂದು ಅನ್ನೋಕೆ ಬೇಕು. ಓದು."

ಓದಿದಳು. ಡಿಗ್ರಿಯೂ ಬಂತು. ಅದೇ ತಿಂಗಳು ಏಳನೆಯ ಸೂಪರ್‌ವೈಸರ್ ಬಡ್ತಿ ಪಡೆದು ಹೋದರು. ಆ ಜಾಗ ಮಗಳಿಗೆ ಕೊಡಿ ಅಂತ ಅಪ್ಪ ಮಗಳು ಮ್ಯಾನೇಜರ್ ಮುಂದೆ ನಿಂತರು.

"ಡಿಗ್ರಿ ಸರಿ. ಅನುಭವ ಎಲ್ಲಮ್ಮಾ?"

"ನಂದೇ ಇಪ್ಪತ್ತಾರು ವರ್ಷದ್ದು ಬಿದ್ದಿದೆಯಲ್ಲ ಸಾರ್," ಫಿಟ್ಟರ್ ಅಂದ. "ಅವಳ ಡಿಗ್ರಿಗೆ ಸೇರಿಸಿ, ಇಬ್ಬರನ್ನೂ ಒಂದಾಳು ಅಂತ ಇಟ್ಕೊಳ್ಳಿ."

ಮ್ಯಾನೇಜರ್ ನಕ್ಕು ರಿಪೇರಿ ಪುಸ್ತಕ ಮುಂದೆ ತಳ್ಳಿದರು. "ಇದರಲ್ಲಿ ನಿನ್ನ ರಿಪೇರಿ ಒಂದು ತೋರಿಸಪ್ಪ, ನೋಡೋಣ."

ಮಗಳು ಹಾಳೆ ತಿರುವುತ್ತಲೇ ಹೋದಳು. ಎಲ್ಲ ಕಡೆ ಸೂಪರ್‌ವೈಸರ್‌ಗಳ ಸಹಿ. ಅಪ್ಪ ಎಲ್ಲೂ ಇರಲಿಲ್ಲ.

"ಸಾರ್ ಸಾರ್ ಅಂದ್ಕೊಂಡು ನನ್ನ ತಲೆ ಮೇಲೆ ನಾನೇ ಚಪ್ಪಡಿ ಎಳ್ಕೊಂಡಿದ್ದೀನಿ ಕಣೇ" ಅಂದ ಫಿಟ್ಟರ್.

ಮರುದಿನ ಮಾಲೀಕರ ಭಾವಮೈದ ಎಂಟನೆಯ ಸೂಪರ್‌ವೈಸರ್ ಆಗಿ ಬಂದ. ಅವನೂ ಈಗಷ್ಟೇ ಕಾಲೇಜು ಮುಗಿಸಿದವನು.

"ಇವರ ಅನುಭವ ಸಾರ್?" ಫಿಟ್ಟರ್ ಕೇಳಿದ.

"ನೀನಿದ್ದೀಯಲ್ಲ, ಕಲಿಸಿಕೊಡು" ಅಂದರು ಮ್ಯಾನೇಜರ್.

ಊಟದ ಹೊತ್ತಿಗೆ ಗೇಟಿನ ಹೊರಗಿನ ಕಟ್ಟೆಯ ಮೇಲೆ ಫಿಟ್ಟರ್ ಮಗಳ ಕೈಲಿ ತನ್ನದೇ ಒಂದು ಅರ್ಜಿ ಬರೆಸಿದ. ಹುದ್ದೆ: ಸೂಪರ್‌ವೈಸರ್.

"ವಿದ್ಯಾರ್ಹತೆ ಏನಂತ ಬರೀಲಿ?"

"ನಾಚಿಕೆ ಏನು ಬಂತು, ನಾಲ್ಕನೇ ಕ್ಲಾಸ್ ಫೇಲು ಅಂತ ಬರಿ."

ಬಾಯ್ಲರಿನವನು ಇಣುಕಿದ. "ನಂದೂ ಒಂದು ಬರಿ ತಾಯಿ. ನಾನು ನಿಮ್ಮಪ್ಪನಿಗಿಂತ ಮೇಲು, ನಾಲ್ಕು ಪಾಸು!"

ಕಾಗದ ಕಟ್ಟುವ ಹೆಂಗಸರು ಸುತ್ತ ನೆರೆದರು. "ನಾವು ಶಾಲೆ ಬಾಗಿಲೇ ಕಂಡಿಲ್ಲವಲ್ಲೇ, ನಮ್ಮದು ತಗೋತಾರಾ?"

"ಕೊಟ್ಟು ನೋಡೋಣ ಅಕ್ಕ" ಅಂದಳು ಮಗಳು.

ಮೂರು ಗಂಟೆಗೆ ಪಂಪ್ ನಿಂತಿತು. ಹೊಸ ಸೂಪರ್‌ವೈಸರ್ ಮೆಟ್ಟಿಲ ಮೇಲೆ ನಿಂತು ಕೂಗಿದ, ಯಾರೂ ಓಗೊಡಲಿಲ್ಲ. ಮ್ಯಾನೇಜರ್ ಕೋಣೆಯಿಂದ ಹೊರಗೆ ನುಗ್ಗಿದರು. ಬಾಗಿಲಿನಿಂದ ಗೇಟಿನವರೆಗೂ ಅರ್ಜಿ ಹಿಡಿದ ಕೆಲಸದವರ ಸಾಲು. ಎಲ್ಲರಿಗಿಂತ ಮುಂದೆ, ಡಿಗ್ರಿ ಹಿಡಿದ ಮಗಳು.

"ಏನ್ರೋ ಇದು? ಪಂಪ್ ಹತ್ರ ಯಾರಿದ್ದೀರಿ?"

"ಯಾರೂ ಇಲ್ಲ ಸಾರ್," ಫಿಟ್ಟರ್ ಅಂಗಿ ಸರಿಮಾಡಿಕೊಂಡು ಹೇಳಿದ. "ಎಲ್ಲಾ ಇಂಟರ್‌ವ್ಯೂಗೆ ಬಂದಿದ್ದೀವಿ."