ಗಾಳಿಗೆ ಕೆನ್ನೆಯೊಡ್ಡಿದ ಚಿಕ್ಕಪ್ಪ

ಯಾವ ಮನೆಗೆ ಹೋದರೂ ನಮ್ಮ ಚಿಕ್ಕಪ್ಪ ನೇರವಾಗಿ ಒಳಗೆ ಕಾಲಿಟ್ಟವರಲ್ಲ. ಹೊಸ್ತಿಲ ಮುಂದೆ ಅರೆಗಳಿಗೆ ನಿಂತು, ಕಣ್ಣು ಮುಚ್ಚಿ, ಎಡಗೆನ್ನೆಯನ್ನು ಗಾಳಿಗೊಡ್ಡಿ, ಅದು ಯಾವ ದಿಕ್ಕಿನಿಂದ ಬರುತ್ತಿದೆಯೆಂದು ಖಾತ್ರಿ ಮಾಡಿಕೊಂಡ ಮೇಲೆಯೇ ಮನೆಯವರ ಯೋಗಕ್ಷೇಮ ವಿಚಾರಿಸುವರು. ನನ್ನ ಮದುವೆಯ ಫೋಟೋದಲ್ಲಿಯೂ ಎಲ್ಲರೂ ಕ್ಯಾಮೆರಾ ನೋಡುತ್ತಿದ್ದರೆ ಅವರೊಬ್ಬರು ಪಕ್ಕಕ್ಕೆ ತಿರುಗಿದ್ದಾರೆ. ಬಂದರಿನ ಕಚೇರಿಯಲ್ಲಿ ಅವರದು ವಿಚಿತ್ರ ಉದ್ಯೋಗ: ಹಡಗಿನಿಂದ ಸೋರಿದ ಎಣ್ಣೆ ಯಾವ ದಡ ಸೇರುವುದೆಂದು ಮುಂಚಿತವಾಗಿ ಹೇಳುವುದು. "ಗಾಳಿ ನೂರು ಹೆಜ್ಜೆ ಹೋದ್ರೆ ಎಣ್ಣೆನ ಮೂರು ಹೆಜ್ಜೆ ಎಳೆಯತ್ತೆ, ಮಿಕ್ಕಿದ್ದು ನೀರಿನ ಸೆಳೆತ" ಎಂದು ಊಟದ ನಡುವೆ ಪಾಠ ಶುರುಮಾಡಿ ಚಿಕ್ಕಮ್ಮನಿಂದ ಬೈಸಿಕೊಳ್ಳುತ್ತಿದ್ದರು. ಗುಂಡಿ ಕಿತ್ತುಹೋದ ಕಂದು ಕೋಟಿನ ಜೇಬಿನಲ್ಲಿ ಸದಾ ಕಿತ್ತಳೆ ಸಿಪ್ಪೆ. ನೀರು ಕಂಡಲ್ಲೆಲ್ಲ ಒಂದು ಚೂರು ತೇಲಿಬಿಟ್ಟು, ಅದು ಹೋದ ದಾರಿಯನ್ನೇ ನೋಡುತ್ತ ನಿಲ್ಲುವರು.

ಒಂದು ವರ್ಷ ಹಡಗೊಂದು ಒಡೆಯಿತು. ಎಣ್ಣೆಯನ್ನು ತಡೆಯುವ ತೇಲುಬೇಲಿ, ಹೊಳೆ ಕಡಲು ಸೇರುವ ಒಂದು ಅಳಿವೆಗೆ ಮಾತ್ರ ಸಾಲುವಷ್ಟಿತ್ತು, ಅಳಿವೆಗಳು ಎರಡು. ದಕ್ಷಿಣದ ಅಳಿವೆಯಲ್ಲಿ ಚಿಕ್ಕಪ್ಪನ ಅಕ್ಕ, ನನ್ನ ದೊಡ್ಡತ್ತೆ, ಚಿಪ್ಪು ಆಯ್ದು ಮಾರಿ ಸಂಸಾರ ತೂಗಿಸುತ್ತಿದ್ದರು. ಕಚೇರಿ ಚಾವಣಿಯ ಗಾಳಿ ಅಳೆಯುವ ಯಂತ್ರ, ಎಣ್ಣೆ ಉತ್ತರಕ್ಕೆ ಹೋಗುವುದೆಂದು ತೋರಿಸಿತು. ಚಿಕ್ಕಪ್ಪನ ಕೆನ್ನೆ ಮಾತ್ರ ಗಾಳಿ ದಕ್ಷಿಣಕ್ಕೆ ತಿರುಗಲಿದೆ ಎಂದಿತು. ಇಪ್ಪತ್ತು ವರ್ಷ ಯಂತ್ರಕ್ಕಿಂತ ಕೆನ್ನೆಯನ್ನೇ ನಂಬಿದ ಮನುಷ್ಯ ಅಂದು ಯಂತ್ರವನ್ನು ನಂಬಿ, ಬೇಲಿಯನ್ನು ಉತ್ತರಕ್ಕೆ ಕಳಿಸಿದರು. ಮಧ್ಯಾಹ್ನದ ಹೊತ್ತಿಗೆ ಗಾಳಿ ತಿರುಗಿತು. ದೊಡ್ಡತ್ತೆಯ ಅಳಿವೆ ಕಪ್ಪಾಯಿತು.

ಆಮೇಲಿನ ರಜಾದಿನಗಳನ್ನೆಲ್ಲ ಚಿಕ್ಕಪ್ಪ ಅಲ್ಲಿ ಕಲ್ಲು ಉಜ್ಜುತ್ತ ಕಳೆದರು. ಅತ್ತೆ ಅವರೊಡನೆ ಮಾತು ಬಿಟ್ಟಿದ್ದರು. ನಾನೂ ಬಕೆಟ್ ಹಿಡಿದು ಜೊತೆಗೆ ಹೋಗಿದ್ದ ಒಂದು ದಿನ, ಅತ್ತೆ ಕೊನೆಗೂ ಬಾಯಿಬಿಟ್ಟು ಕೇಳಿದರು.

"ನಿಂಗೆ ಗೊತ್ತಾಗಿರ್ಲಿಲ್ವೇನೋ?"

"ಗೊತ್ತಾಗಿತ್ತಕ್ಕ. ಆದ್ರೆ ಎಣ್ಣೆ ನಿನ್ನ ಕಡೆ ಬರತ್ತೆ ಅಂತ ಕೆನ್ನೆ ಹೇಳ್ತಿತ್ತು. ನಿನ್ನ ಮೇಲಿನ ಅಕ್ಕರೆಗೇ ನಂಗೆ ಹಾಗನ್ನಿಸ್ತಿದೆ ಅಂದ್ಕೊಂಡೆ."

ಅತ್ತೆ ಎದ್ದು ದಡದ ಮನೆಯೊಳಗೆ ಹೋದರು. ಸೂಜಿದಾರ ತಂದು, "ಕೋಟು ಬಿಚ್ಚು, ಗುಂಡಿ ಹಾಕ್ತೀನಿ" ಎಂದರು. ನನಗೆ ಅಳು ಬಂತು.

ತಮ್ಮವರಿಗೆ ಅನುಕೂಲವಾದೀತೆಂಬ ಒಂದೇ ಕಾರಣಕ್ಕೆ ಕಣ್ಣೆದುರಿನ ನಿಜವನ್ನೂ ಸಂಶಯಿಸುವವರು ಲೋಕದಲ್ಲಿ ಕೆಲವರಿದ್ದಾರೆ. ನಿಷ್ಪಕ್ಷಪಾತಿಗಳೆಂದು ಅವರನ್ನು ಊರೆಲ್ಲ ಹೊಗಳುತ್ತದೆ. ಅದರ ನಷ್ಟವನ್ನು ಮನೆಯವರು ಅನುಭವಿಸುತ್ತಾರೆ, ಕಿತ್ತುಹೋದ ಗುಂಡಿಯನ್ನು ಹೊಲಿದುಕೊಡುವವರೂ ಅವರೇ.