ಬಲಗಣ್ಣಿನ ಕೆಳಗಿನ ಬಿಳುಪು

ಗಡಿಯಾರದಕ್ಕ ಎಂದರೆ ಆ ಬೀದಿಗೆ ಒಬ್ಬಳೇ. ಔಷಧಿ ಅಂಗಡಿಗೂ ಬೀಗದವನ ಅಂಗಡಿಗೂ ನಡುವೆ ಅವಳ ಗಡಿಯಾರ ರಿಪೇರಿಯ ಸಣ್ಣ ಜಾಗ. ಒಳಗೆ ಇಬ್ಬರು ನಿಂತರೆ ಮೂರನೆಯವರು ಬೀದಿಯಲ್ಲೇ ಕಾಯಬೇಕು. ಗೋಡೆಯ ತುಂಬ ಗಡಿಯಾರಗಳು. ಗಾಜಿನ ಮೇಜಿನ ಹಿಂದೆ ಅವಳು, ಅವಳ ಬಲಗಣ್ಣಿನಲ್ಲಿ ಅಪ್ಪ ಬಿಟ್ಟುಹೋದ ಕಪ್ಪು ಭೂತಗನ್ನಡಿ.

ಅದಕ್ಕೆ ಹಿಡಿಕೆಯಿಲ್ಲ, ಪಟ್ಟಿಯಿಲ್ಲ. ಹುಬ್ಬನ್ನು ಇಳಿಸಿ, ಕೆನ್ನೆಯನ್ನು ಏರಿಸಿ, ನಡುವೆ ಅದನ್ನು ಕಚ್ಚಿ ಹಿಡಿಯಬೇಕು. ಹೊಸಬರಿಗೆ ಒಂದು ಗಳಿಗೆಯಲ್ಲಿ ಮುಖ ನೋಯುತ್ತದೆ. ಮೂವತ್ತೆರಡು ವರ್ಷ ಹಿಡಿದ ಗಡಿಯಾರದಕ್ಕನಿಗೆ ಅದು ಇದೆ ಎಂಬುದೇ ಮರೆತುಹೋಗಿತ್ತು. ಎಷ್ಟೋ ಸಲ ಕಣ್ಣಲ್ಲೇ ಸಿಕ್ಕಿಸಿಕೊಂಡು ಮನೆಗೆ ಬಂದು ಗಂಡನ ನಗೆಗೆ ಗುರಿಯಾದದ್ದುಂಟು. ಬೆಳಿಗ್ಗೆ ಕೆಲಸಕ್ಕೆ ಕೂರುವಾಗ ಮಾತ್ರ ಅದನ್ನು ಎರಡೂ ಕಣ್ಣಿಗೆ ಒತ್ತಿಕೊಂಡು, ಅಪ್ಪ ಹೇಳಿಕೊಟ್ಟ ಒಂದು ಮಾತು ಹೇಳುತ್ತಿದ್ದಳು: "ಕಾಣಿಸೋನು ನೀನು, ನೋಡೋಳು ನಾನು." ಅವಳಿಗೆ ಗೊತ್ತಿದ್ದ ಪ್ರಾರ್ಥನೆ ಅಷ್ಟೇ, ಮತ್ತು ಅದು ಸಾಕಾಗಿತ್ತು.

ಐವತ್ತು ದಾಟಿದ ಮೇಲೆ ಕಣ್ಣಿನ ಕೆಳಗೆ ಚರ್ಮ ಊದಿ ಚೀಲಗಳು ಕಟ್ಟಿಕೊಂಡವು. ನೋವಿಲ್ಲ, ತೊಂದರೆಯಿಲ್ಲ. ಆದರೆ ಬಂದವರೆಲ್ಲ ಕೇಳುವವರೇ. ಎಲ್ಲರಿಗಿಂತ ಹೆಚ್ಚು ಕೇಳುತ್ತಿದ್ದವರು ಮೇಷ್ಟ್ರು. ನಿವೃತ್ತರಾಗಿ ಹತ್ತು ವರ್ಷವಾದರೂ ಹಾಜರಿ ತೆಗೆಯುವವರಂತೆ ದಿನಾ ಹತ್ತು ಗಂಟೆಗೆ ಅಂಗಡಿಗೆ ಬರುವುದು ಅವರ ವಾಡಿಕೆ.

"ಯಾಕಮ್ಮಾ, ಅತ್ತಿದ್ದೀಯಾ?"

"ಇಲ್ಲ ಮೇಷ್ಟ್ರೇ, ಮುಖಾನೇ ಹೀಗೆ."

"ನಿನ್ನೇನೂ ನೀನು ಇದನ್ನೇ ಹೇಳಿದೆ. ಮನೇಲಿ ಯಾರಾದ್ರೂ ಹೋದ್ರಾ ಅಂತ ಕೇಳೋಣ ಅನ್ನಿಸ್ತು, ಬಾಯಿ ಬರಲಿಲ್ಲ."

"ಈಗ ಬಂತಲ್ಲ!"

ನಗುತ್ತಲೇ ಹೇಳಿದಳು. ಆದರೆ ಸಂಜೆ ತಂಗಿಯ ಬ್ಯೂಟಿ ಪಾರ್ಲರಿಗೆ ಹೋಗಿ ಕನ್ನಡಿಯ ಮುಂದೆ ಕೂತಾಗ ನಗು ಇರಲಿಲ್ಲ. ತಂಗಿ ಬಾಚಣಿಗೆ ಹಿಡಿದುಕೊಂಡೇ ಅವಳ ಮುಖಕ್ಕೆ ಬಗ್ಗಿದಳು.

"ಅಕ್ಕಾ, ಒಂದು ವಾರದ ಸಾಮಾನು ತುಂಬ್ಕೊಂಡು ಬರಬಹುದು ಕಣೇ ಇದ್ರಲ್ಲಿ. ನನ್ನ ಹತ್ರ ಬರೋ ಒಬ್ರು ತೆಗೆಸಿಕೊಂಡ್ರು. ಒಂದು ಗಂಟೆ ಕೆಲಸ. ಈಗ ಅವರ ಸೊಸೇನೂ ಅವರೂ ಒಟ್ಟಿಗೆ ನಿಂತ್ರೆ ಯಾರು ಅತ್ತೆ ಅಂತ ಕೇಳಬೇಕು."

ಗಂಡ ಬಸ್ಸಿನ ಚಾಲಕ, ಮಾತು ಕಡಿಮೆ. "ಇಪ್ಪತ್ತೈದು ವರ್ಷದಿಂದ ನೋಡ್ತಿದೀನಿ, ನನಗೆ ಯಾವ ಚೀಲಾನೂ ಕಾಣಲಿಲ್ಲ" ಎಂದ. ಹೆಂಡತಿಗೆ ಅದು ಹೊಗಳಿಕೆಯಾಗಿ ಕೇಳಲಿಲ್ಲ, ಗಮನವಿಲ್ಲದ ಗಂಡನ ಮಾತಾಗಿ ಕೇಳಿಸಿತು. ಅಲ್ಲಿಗೆ ತೀರ್ಮಾನವಾಯಿತು.

ಡಾಕ್ಟರು ಚೆನ್ನಾಗಿಯೇ ಮಾತನಾಡಿಸಿದರು. ರೆಪ್ಪೆಯನ್ನು ಎರಡು ಬೆರಳಲ್ಲಿ ಎಳೆದು, ಬಿಟ್ಟು, ಅದು ಎಷ್ಟು ಬೇಗ ಹಿಂದಕ್ಕೆ ಹೋಗುತ್ತದೆಂದು ನೋಡಿದರು.

"ಸ್ವಲ್ಪ ಸಡಿಲ ಇದೆ. ಆಪರೇಷನ್ ಆದ್ಮೇಲೆ ಆರು ವಾರ ಕಣ್ಣನ್ನ ಉಜ್ಜಬಾರದು, ಒತ್ತಬಾರದು. ಲೆನ್ಸು ಗಿನ್ಸು ಏನಾದ್ರೂ ಹಾಕ್ತೀರಾ?"

"ಏನೂ ಇಲ್ಲ."

"ಏನು ಕೆಲಸ ನಿಮ್ಮದು?"

"ಅಂಗಡಿ."

ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ದೇವರ ಮುಂದೆ ನಿಲ್ಲಿಸಿ ಕೇಳಿದ್ದರೂ ಅದನ್ನೇ ಹೇಳುತ್ತಿದ್ದಳು. ಕೈಗೆ ಏನು ಹಾಕುತ್ತೀರಿ ಎಂದರೆ ಯಾರಾದರೂ ಬೆರಳು ಎನ್ನುತ್ತಾರೆಯೇ? ಅಪ್ಪನ ಗಾಜು ಅವಳ ಲೆಕ್ಕದಲ್ಲಿ ಹೊರಗಿನ ವಸ್ತುವಾಗಿರಲಿಲ್ಲ.

ಆರನೆಯ ದಿನ ಹೊಲಿಗೆ ಬಿಚ್ಚಿದರು. ಬಾವು ಇತ್ತು, ಕೆನ್ನೆಯವರೆಗೆ ನೇರಳೆ ಬಣ್ಣ ಇಳಿದಿತ್ತು, ಆದರೆ ಚೀಲ ಹೋಗಿತ್ತು. ತಂಗಿ ಚಪ್ಪಾಳೆ ತಟ್ಟಿದಳು. ಗಡಿಯಾರದಕ್ಕ ಕನ್ನಡಿಯಲ್ಲಿ ತನ್ನ ಮೂವತ್ತರ ಮುಖವನ್ನು ಕಂಡು ಸ್ವಲ್ಪ ನಾಚಿದಳು.

ಎಂಟನೆಯ ದಿನ ಅಂಗಡಿ ತೆರೆದಳು. ತೆರೆಯದೆ ಇರಲಾಗದ ಕಾರಣವೊಂದಿತ್ತು. ಆಪರೇಷನ್ನಿಗೆ ಮೊದಲೇ ಮೇಷ್ಟ್ರು ಒಂದು ಕೈಗಡಿಯಾರ ತಂದು ಕೊಟ್ಟಿದ್ದರು. ಹೆಂಡತಿಯದು, ಉಗುರಿನಷ್ಟು ಚಿಕ್ಕದು. ಆಕೆ ತೀರಿಕೊಂಡ ವರ್ಷವೇ ಅದು ನಿಂತುಹೋಗಿತ್ತು. "ಇಷ್ಟು ದಿನ ನಿಂತಿರಲಿ ಅಂತಾನೇ ಇಟ್ಟಿದ್ದೆ. ಈಗ ಓಡಬೇಕು ಅನ್ನಿಸ್ತಿದೆ" ಎಂದು ಮೇಜಿನ ಮೇಲಿಟ್ಟು ಬೇರೆ ಕಡೆ ತಿರುಗಿದ್ದರು. ಅದರ ಒಳಗಿನ ಚಕ್ರಗಳು ಕಡಲೆಕಾಳಿಗಿಂತ ಸಣ್ಣವು. ಆ ಊರಲ್ಲಿ ಅದನ್ನು ಬಿಚ್ಚಿ ಮತ್ತೆ ಕೂಡಿಸಬಲ್ಲ ಕಣ್ಣು ಒಂದೇ ಇತ್ತು.

ಗಾಜನ್ನು ಕಣ್ಣಿಗೆ ಏರಿಸಿದಾಗ ಒಂದು ಕ್ಷಣ ಚುರುಕ್ ಎಂದಿತು. ಬಾವಿನ ಚರ್ಮ, ಇರಲಿ ಎಂದುಕೊಂಡಳು. ಗಾಜು ಕೆಳಕ್ಕೆ ಜಾರಿತು. ಇನ್ನಷ್ಟು ಬಿಗಿಯಾಗಿ ಒತ್ತಿ ಹಿಡಿದಳು. ಸಂಜೆಯ ಹೊತ್ತಿಗೆ ಜಾರುವುದು ನಿಂತಿತು.

ಮೂರನೆಯ ವಾರದಲ್ಲಿ ಮೇಷ್ಟ್ರು ಬಾಗಿಲಲ್ಲೇ ನಿಂತುಬಿಟ್ಟರು.

"ಏನಮ್ಮಾ? ಏನನ್ನಾದ್ರೂ ನೋಡಿ ಹೆದರಿಕೊಂಡ್ಯಾ?"

"ನಾನಾ? ಇಲ್ಲವಲ್ಲ."

"ಯಾಕೋ ಹಾಗೆ ಕಾಣ್ತು. ನನ್ನ ಹಿಂದೆ ಯಾರೋ ನಿಂತಿದಾರೆ ಅನ್ನೋ ಹಾಗೆ ನೋಡಿದೆ." ಅವರು ನಿಜಕ್ಕೂ ಒಮ್ಮೆ ತಿರುಗಿ ನೋಡಿದರು. ಹಿಂದೆ ಬೀದಿ ಮಾತ್ರ ಇತ್ತು.

ಅವರು ಹೋದ ಮೇಲೆ ಅವಳು ಕನ್ನಡಿ ತೆಗೆದಳು. ಬಾದಾಮಿಯ ಹಾಗಿದ್ದ ಕಣ್ಣು ಬಲಗಡೆ ದುಂಡಗಾಗಿತ್ತು. ಹೊರಮೂಲೆ ಕೆಳಗೆ ಬಾಗಿತ್ತು. ಕಪ್ಪುಗುಡ್ಡೆಯ ಕೆಳಗೆ, ಹಿಂದೆ ರೆಪ್ಪೆ ಮುಚ್ಚಿಕೊಂಡಿದ್ದ ಕಡೆ, ಒಂದು ಬಿಳಿಯ ಗೆರೆ. ಗಡಿಯಾರದವಳಲ್ಲವೇ, ಅಂದಾಜಿಗೆ ಬಿಡಲಿಲ್ಲ. ಅಳತೆಪಟ್ಟಿ ಹಿಡಿದು ನೋಡಿದಳು. ಅರ್ಧ ಮಿಲಿಮೀಟರ್.

ತಂಗಿಗೆ ತೋರಿಸಿದಳು. "ಬಾವು ಕಣೇ, ಇಳಿಯತ್ತೆ. ದೊಡ್ಡ ಕಣ್ಣು ಬೇಕು ಅಂತ ಜನ ಸಾಯ್ತಾರೆ, ನಿನಗೆ ಸುಮ್ನೆ ಬಂದಿದೆ" ಎಂದಳು ತಂಗಿ. ಆದರೆ ಹೇಳುವಾಗ ಅಕ್ಕನ ಬಲಗಣ್ಣನ್ನು ನೋಡದೆ ಎಡಗಣ್ಣನ್ನೇ ನೋಡುತ್ತಿದ್ದಳು. ಅದನ್ನು ಅಕ್ಕ ಗಮನಿಸಿದಳು.

ನಾಲ್ಕನೆಯ ವಾರ, ಒಂದು. ಐದನೆಯ ವಾರ, ಒಂದೂವರೆ. ಅವಳು ರಿಪೇರಿ ಮಾಡಿದ ಯಾವ ಗಡಿಯಾರವೂ ಇಷ್ಟು ಕರಾರುವಾಕ್ಕಾಗಿ ನಡೆದಿರಲಿಲ್ಲ. ಕಣ್ಣು ಇಡೀ ದಿನ ನೀರು ಸುರಿಸುತ್ತಿತ್ತು, ಆದರೂ ಒಳಗೆ ಮರಳು ಬಿದ್ದ ಹಾಗೆ ಒಣಗಿರುತ್ತಿತ್ತು. ಒಂದು ಬೆಳಿಗ್ಗೆ ಗಂಡ ಕಾಫಿ ಲೋಟ ಹಿಡಿದು ಅವಳ ಎದುರು ಕೂತ. ಬಸ್ಸಿಗೆ ಹೊತ್ತಾಗಿದ್ದರೂ ಏಳಲಿಲ್ಲ.

"ಒಂದು ಮಾತು ಹೇಳ್ಲಾ? ಬೇಜಾರು ಮಾಡ್ಕೋಬೇಡ."

"ಹೇಳ್ರೀ."

"ನೀನು ನಿದ್ದೇಲೂ ಕಣ್ಣು ಬಿಟ್ಕೊಂಡಿರ್ತೀಯ. ಬಲಗಡೇದು. ಎದ್ದಿದೀಯ ಅನ್ಕೊಂಡು ನಾನು ಮಾತಾಡಿದೆ. ನೀನು ನನ್ನನ್ನೇ ನೋಡ್ತಾ ಗೊರಕೆ ಹೊಡೀತಿದ್ದೆ." ನಗಿಸಲು ಹೇಳಿದ್ದು, ಆದರೆ ಕಾಫಿ ಕುಡಿಯದೆ ಲೋಟವನ್ನು ಕೆಳಗಿಟ್ಟ. "ಮೂರು ದಿನದಿಂದ ನಾನು ಆ ಕಡೆ ತಿರುಗಿ ಮಲಗ್ತಿದೀನಿ ಕಣೇ."

ಅಂದೇ ಡಾಕ್ಟರ ಹತ್ತಿರ ಹೋದಳು.

ಡಾಕ್ಟರು ರೆಪ್ಪೆಯನ್ನು ಬೆರಳಿಂದ ಮೇಲಕ್ಕೆ ತಳ್ಳಿದರು. ಅದು ಏರಲಿಲ್ಲ, ಒಳಗೆ ಯಾರೋ ಹಗ್ಗ ಹಿಡಿದು ಜಗ್ಗಿದಂತೆ ಬಿಗಿದುಕೊಂಡಿತ್ತು. ದೀಪ ಹತ್ತಿರ ತಂದು ಕೆನ್ನೆಯನ್ನು ನೋಡಿದವರು ಹಾಗೇ ಬಗ್ಗಿ ನಿಂತರು.

"ಇದೇನು ಗುರುತು? ಬಳೆ ಒತ್ತಿದ ಹಾಗೆ ಅರ್ಧ ಸುತ್ತು?"

ಗಡಿಯಾರದಕ್ಕ ಉತ್ತರ ಕೊಡಲು ಬಾಯಿ ತೆರೆದಳು. ಆಗ ಗೊತ್ತಾಯಿತು. ಕೈಚೀಲದಿಂದ ಅಪ್ಪನ ಗಾಜನ್ನು ತೆಗೆದು ಮೇಜಿನ ಮೇಲಿಟ್ಟಳು.

"ದಿನಕ್ಕೆ ಎಷ್ಟು ಹೊತ್ತು?"

"ಏಳು ಗಂಟೆ. ಎಂಟು."

"ನಾನು ಕೇಳಿದ್ದೆನಲ್ಲಮ್ಮಾ!"

"ಹೌದು ಡಾಕ್ಟ್ರೇ. ಅದು ನನ್ನ ಕಣ್ಣೇ ಅನ್ಕೊಂಡಿದ್ದೆ."

ಅವರಿಗೆ ಸಿಟ್ಟು ಬಂದಿತ್ತು, ಆದರೂ ಬಿಡಿಸಿ ಹೇಳಿದರು. ಹಸಿ ಗಾಯವನ್ನು ಒತ್ತಿ ಹಿಡಿದದ್ದರಿಂದ ಒಳಗಡೆ ಕಲೆ ಗಟ್ಟಿಯಾಗಿ ರೆಪ್ಪೆಯನ್ನು ಕೆಳಗೆ ಎಳೆದಿದೆ, ಚರ್ಮವನ್ನೂ ತಾವು ಕೂದಲೆಳೆಯಷ್ಟು ಹೆಚ್ಚೇ ತೆಗೆದಿರಬಹುದು ಎಂದರು. ಕೊನೆಯ ಮಾತನ್ನು ತಗ್ಗಿದ ದನಿಯಲ್ಲಿ ಹೇಳಿದರು. ಗಂಟೆಗೊಮ್ಮೆ ಹನಿ ಹಾಕಬೇಕು, ಮಲಗುವಾಗ ಮುಲಾಮು ಹಚ್ಚಿ ರೆಪ್ಪೆಗೆ ಟೇಪು ಅಂಟಿಸಿಕೊಳ್ಳಬೇಕು. ಕಲೆ ಮೆತ್ತಗಾದ ಮೇಲೆ ಇನ್ನೊಂದು ಆಪರೇಷನ್. ಗಾಜನ್ನು ಮುಟ್ಟಲೇಬಾರದು. "ಮುಚ್ಚದೇ ಇರೋ ಕಣ್ಣು ಒಣಗತ್ತೆ. ಒಣಗಿದ್ರೆ ಮೇಲಿನ ಪೊರೆ ಹುಣ್ಣಾಗತ್ತೆ. ಹುಣ್ಣಾದ್ರೆ ಉಳಿಯೋದು ಮಬ್ಬು."

ಕೇಳಿಸಿಕೊಂಡಳು. ಹನಿ ಹಾಕಿದಳು, ಟೇಪನ್ನೂ ಅಂಟಿಸಿದಳು. ಬೆಳಗಿನ ಹೊತ್ತಿಗೆ ಟೇಪು ದಿಂಬಿಗೆ ಅಂಟಿರುತ್ತಿತ್ತು. ಅಂಗಡಿಯಲ್ಲಿ ಮೇಷ್ಟ್ರ ಕೈಗಡಿಯಾರ ತಟ್ಟೆಯ ಮೇಲೆ ಅರ್ಧ ಕೂಡಿಸಿದ ಹಾಗೇ ಇತ್ತು; ನಾಲ್ಕೈದು ಚಕ್ರ, ಅವುಗಳ ತಿರುಪು ಇನ್ನೂ ಬಾಕಿ. ಎಡಗಣ್ಣಿಗೆ ಗಾಜು ಸಿಕ್ಕಿಸಿ ನೋಡಿದಳು. ಎಡಗೆನ್ನೆಗೆ ಹಿಡಿಯುವುದೇ ಗೊತ್ತಿರಲಿಲ್ಲ. ಗಾಜು ಮಡಿಲಿಗೆ ಬಿತ್ತು. ಮತ್ತೆ ಸಿಕ್ಕಿಸಿದಳು, ಮತ್ತೆ ಬಿತ್ತು.

"ಭಗವಂತಾ, ಇದೊಂದು. ಇದಾದ್ಮೇಲೆ ಮುಟ್ಟಲ್ಲ."

ದೇವರ ಹತ್ತಿರ ಚೌಕಾಸಿ ಮಾಡಬಾರದೆಂದು ಅಪ್ಪ ಹೇಳುತ್ತಿದ್ದರು. ಅದು ನೆನಪಾದದ್ದು ಗಾಜು ಬಲಗಣ್ಣಿನಲ್ಲಿ ಕೂತ ಮೇಲೆ. ಆ 'ಇದೊಂದು' ನಾಲ್ಕು ದಿನ ಹಿಡಿಯಿತು. ನಡುವೆ ಅಳತೆಪಟ್ಟಿ ಹಿಡಿಯಲಿಲ್ಲ.

ಐದನೆಯ ದಿನ ಬೆಳಿಗ್ಗೆ ಕೊನೆಯ ತಿರುಪನ್ನು ಚಿಮುಟದಲ್ಲಿ ಎತ್ತಿದಾಗ ಗಾಜಿಗೆ ಮಂಜು ಕವಿದಿತ್ತು. ತೆಗೆದು ಬಟ್ಟೆಯಲ್ಲಿ ಒರೆಸಿದಳು. ಮಂಜು ಹೋಗಲಿಲ್ಲ. ಬಾಯಿಂದ ಉಸಿರು ಬಿಟ್ಟು ಮತ್ತೆ ಒರೆಸಿದಳು. ಮೇಜಿನ ದೀಪವನ್ನು ಒರೆಸಿದಳು. ಮೂರನೆಯ ಸಲ ಗಾಜನ್ನು ಉಜ್ಜಿ ಉಜ್ಜಿ ಬಟ್ಟೆ ಬಿಸಿಯಾಯಿತು. ಆಮೇಲೆ ಗಾಜಿಲ್ಲದೆ, ಬಲಗಣ್ಣೊಂದರಿಂದಲೇ ದೀಪದ ಕಡೆ ನೋಡಿದಳು. ದೀಪದ ಸುತ್ತ ಬಣ್ಣದ ಬಳೆಯೊಂದು ನಿಂತಿತ್ತು, ಅದರಾಚೆ ಎಲ್ಲವೂ ಹಾಲಿನಂತೆ ಬೆಳ್ಳಗೆ.

ತಿರುಪನ್ನು ಕೈಯಂದಾಜಿನಲ್ಲೇ ಕೂರಿಸಿದಳು. ಮೂವತ್ತೆರಡು ವರ್ಷದ ಕೈ, ತಪ್ಪಲಿಲ್ಲ. ಕೀ ಕೊಟ್ಟಳು. ಗಡಿಯಾರ ಓಡಿತು.

ಹತ್ತು ಗಂಟೆಗೆ ಮೇಷ್ಟ್ರು ಬಂದರು. ಗಡಿಯಾರವನ್ನು ಕಿವಿಗೆ ಹಿಡಿದು ಬಹಳ ಹೊತ್ತು ನಿಂತರು. ಅವಳು ಗಾಜಿನ ಮೇಜನ್ನು ಎರಡೂ ಕೈಯಲ್ಲಿ ಹಿಡಿದು ಅವರ ಮುಖವನ್ನೇ ನೋಡಿದಳು. ಈಗ ಕೇಳುತ್ತಾರೆ. ಹೆದರಿದ್ಯಾ ಎಂದು ಕೇಳಿದರೆ ಈ ಸಲ ಹೌದು ಎನ್ನಬೇಕು. ಕೈ ಹಿಡಿದು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎನ್ನಬೇಕು.

"ಓಡ್ತಿದೆ ಕಣಮ್ಮಾ" ಎಂದರು ಮೇಷ್ಟ್ರು. ಅವಳ ಮುಖ ನೋಡಿದರು, ನಕ್ಕರು. ಆ ಮುಖ ಅವರಿಗೆ ಅಭ್ಯಾಸವಾಗಿತ್ತು. "ನಿನ್ನ ಕಣ್ಣಿಗೆ ದೇವರು ಆಯಸ್ಸು ಕೊಡಲಿ" ಎಂದು ಹರಸಿ, ಗಡಿಯಾರವನ್ನು ಎದೆಯ ಜೇಬಿಗೆ ಇಳಿಸಿಕೊಂಡು ಬೀದಿಗಿಳಿದರು.

ಗಡಿಯಾರದಕ್ಕ ಎಡಗಣ್ಣನ್ನು ಅಂಗೈಯಿಂದ ಮುಚ್ಚಿ ಗೋಡೆಯ ಕಡೆ ತಿರುಗಿದಳು. ಟಿಕ್ ಟಿಕ್ ಎಂಬುದು ನಾಲ್ಕು ಕಡೆಯಿಂದಲೂ ಕೇಳುತ್ತಿತ್ತು. ಬಲಗಣ್ಣಿಗೆ ಸಾಲಾಗಿ ಬಿಳಿಯ ಬಿಲ್ಲೆಗಳಷ್ಟೇ ಕಂಡವು. ಒಂದಕ್ಕೂ ಮುಳ್ಳಿರಲಿಲ್ಲ.